ಹೊಸ ಪ್ರೋಗ್ರಾಮು ಬಂದು ನಾವು ಶ್ರೀಮಂತರಾದದ್ದು

ಮನೆ ಬದಲಾಯಿಸುವವರಿಗೆ ಸಹಾಯಕ್ಕೆ ಜನ ಸಿಗುತ್ತಾರೆ. ಕಪಾಟು ಹಿಡಿಯಲು ಇಬ್ಬರು, ರುಬ್ಬುವ ಕಲ್ಲಿಗೆ ನಾಲ್ವರು, ದೂರ ನಿಂತು ‘ಜಾಗ್ರತೆ, ಜಾಗ್ರತೆ’ ಎನ್ನಲು ಅರ್ಧ ಕೇರಿ. ಆದರೆ ಮನೆಯ ಲೆಕ್ಕವನ್ನು ಒಂದು ಕಂಪ್ಯೂಟರ್ ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಸಾಗಿಸುವವರ ಹತ್ತಿರ ಒಂದು ನರಪಿಳ್ಳೆಯೂ ಸುಳಿಯುವುದಿಲ್ಲ. ಕೂತಲ್ಲೇ ಮಾಡುವ ಕೆಲಸ, ಅದರಲ್ಲೇನು ಕಷ್ಟ ಎನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಕೂತಲ್ಲಿಂದಲೇ ಎಷ್ಟು ಎತ್ತರಕ್ಕೆ ಏರಬಹುದು, ಅಲ್ಲಿಂದ ಹೇಗೆ ಬೀಳಬಹುದು ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ನಾನು ಬಸ್ರೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಗಂಡ ಸುಧಾಕರ ಅವರದು ಕುಂದಾಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಮನೆ ಕುಂಭಾಶಿಯಲ್ಲಿ, ನಮ್ಮ ಜೊತೆಗೆ ಮೀನಿನ ಬಂದರಾದ ಹಂಗಾರಕಟ್ಟೆಯಲ್ಲಿ ಹುಟ್ಟಿ ಬೆಳೆದ ನನ್ನ ಅತ್ತೆ. ಲೆಕ್ಕ ಬರೆಯುವ ಚಟ ಮೂವರಲ್ಲಿ ನನಗೊಬ್ಬಳಿಗೇ. ಮುಂಬೈಯಲ್ಲಿ ಹೋಟೆಲೊಂದರ ಲೆಕ್ಕ ನೋಡುತ್ತಿದ್ದ ನನ್ನ ಅಣ್ಣ ತೊಂಬತ್ತರ ದಶಕದ ಕೊನೆಗೆ ತನ್ನ ಹಳೆಯ ಕಂಪ್ಯೂಟರನ್ನು ನನಗೆ ದಾಟಿಸಿದಾಗ, ಅದರೊಳಗೆ ಮನೆಲೆಕ್ಕದ ಪ್ರೋಗ್ರಾಮೊಂದನ್ನೂ ಹಾಕಿಕೊಟ್ಟಿದ್ದ. ಕಪ್ಪು ಪರದೆ, ಹಸಿರು ಅಕ್ಷರ. ಖರ್ಚಿನ ಬಾಬ್ತಿಗೆ ಹೆಸರಿಡಬೇಕಾದರೆ ಎಂಟು ಇಂಗ್ಲಿಷ್ ಅಕ್ಷರಗಳೊಳಗೆ ಮುಗಿಸಬೇಕು. ಹಾಗಾಗಿ ಅತ್ತೆಯ ಔಷಧಿ ‘ಅತ್ತೆಔಷ್’ ಎಂದಾಯಿತು, ಆನೆಗುಡ್ಡೆ ಗಣಪತಿಯ ಕಾಣಿಕೆ ಬರೀ ‘ಆನೆ’ ಆಯಿತು. ನಮ್ಮ ಮನೆಯಲ್ಲಿ ಪ್ರತಿ ಸಂಕಷ್ಟಿಗೆ ಆನೆಗೆ ದುಡ್ಡು ಹೋಗುತ್ತಿತ್ತು. ನೋಡಿದವರು ಸಾಕಿದ್ದೇವೆ ಎಂದುಕೊಳ್ಳಬೇಕು.

ಆ ಪ್ರೋಗ್ರಾಮಿನಲ್ಲಿ ಹನ್ನೊಂದು ವರ್ಷ ಬರೆದೆ. ಬಸ್ಸಿನ ಕಂಡಕ್ಟರ್ ಉಳಿಸಿಕೊಂಡ ಎಂಟಾಣೆಯನ್ನೂ ಬಿಟ್ಟವಳಲ್ಲ. ಕೊನೆಗೆ ಕಂಪ್ಯೂಟರ್ ಆಗಾಗ ಕೈಕೊಡತೊಡಗಿತು. ಹೊಸದು ಬಂತು, ಆದರೆ ಅದು ಹಳೆಯ ಪ್ರೋಗ್ರಾಮನ್ನು ಹತ್ತಿರವೂ ಸೇರಿಸಲಿಲ್ಲ. ಅದಕ್ಕೊಂದು ಹೊಸ ಲೆಕ್ಕದ ಪ್ರೋಗ್ರಾಮು ಹಾಕಿಸಿ ಅಣ್ಣನಿಗೆ ಫೋನ್ ಮಾಡಿದೆ. ಅವನು ಮುಂಬೈಯ ಧಾಟಿಯಲ್ಲಿ, “ಟೆನ್ಶನ್ ಮಾಡ್ಬೇಡ. ಹಳೇದ್ರಂಗೆ ಎಲ್ಲಾ ಒಂದ್ ಫೈಲಿಗೆ ಹಾಕ್, ಹೊಸದ್ರಂಗೆ ಆ ಫೈಲ್ ಒತ್ತ್. ಮುಗೀತ್,” ಎಂದ. ಒಂದು ಭಾನುವಾರ ಒತ್ತಿದೆ. ಹೊಸ ಪ್ರೋಗ್ರಾಮು ನಾನು ವರ್ಷಗಟ್ಟಲೆ ಬರೆದದ್ದನ್ನು, ನಾನು ಒಂದು ಲೋಟ ಚಾ ಕುಡಿದು ಮುಗಿಸುವುದರೊಳಗೆ ನುಂಗಿ, ಬಣ್ಣಬಣ್ಣದ ಚಿತ್ರ ಬಿಡಿಸಿ ತೋರಿಸಿತು.

ಚಿತ್ರವೆಂದರೆ ಒಂದು ದುಂಡು ರೊಟ್ಟಿ, ಅದರಲ್ಲಿ ಒಂದೊಂದು ಖರ್ಚಿಗೆ ಒಂದೊಂದು ಬಣ್ಣದ ಹೋಳು. ಎಲ್ಲಕ್ಕಿಂತ ದೊಡ್ಡದು ಕೆಂಪು ಹೋಳು. ಸುಧಾಕರ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು: “ಹೋಟೆಲ್ ಊಟ.” ಅಡುಗೆಮನೆಯಿಂದ ಅತ್ತೆ ಹೊರಗೆ ಬಂದರು. ನಮ್ಮ ಮನೆಯ ಅತಿ ದೊಡ್ಡ ಖರ್ಚು ಹೋಟೆಲ್ ಊಟ ಎಂದು ಕಂಪ್ಯೂಟರ್ ಹೇಳುತ್ತಿದೆ ಎಂದು ಮಗ ತಾಯಿಗೆ ವಿವರಿಸಿದರು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಪರದೆಯ ಹತ್ತಿರ ಬಂದರು. “ಹಾಂಗಾರೆ ಇಷ್ಟ್ ವರ್ಷ ನಾನ್ ಮೀನ್ ಕೊಚ್ಚಿ ಸಾರ್ ಮಾಡದ್ದ್ ಯಾರಿಗೆ? ಬೆಕ್ಕಿಗಾ?” ಎಂದರು.

ತಪ್ಪು ಆ ಮೀನಿನದೇ. ನಾನು ಇಂಗ್ಲಿಷ್ ಅಕ್ಷರದಲ್ಲಿ ‘ಮೀನು’ ಎಂದು ಬರೆದದ್ದನ್ನು ಹೊಸ ಪ್ರೋಗ್ರಾಮು ‘ಮೆನು’ ಎಂದು ಓದಿಕೊಂಡು, ಪಾಪ, ತನಗೆ ತಿಳಿದ ಮಟ್ಟಿಗೆ ನಮ್ಮನ್ನು ಹೋಟೆಲಿನಲ್ಲಿ ಕೂರಿಸಿತ್ತು. ಇದನ್ನು ಅತ್ತೆಗೆ ತಿಳಿಸಿ ಹೇಳಲು ಹೋದರೆ ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ. “ಹಂಗಾರಕಟ್ಟೆಯಂಗೆ ಹುಟ್ಟಿದಳ ಕೈಯಡುಗೆ ತಿಂದ್, ಹೋಟ್ಲಂಗೆ ತಿಂದದ್ದ್ ಅಂದೇಳಿ ಬರ್ಸದ್ಯಾ?” ಎಂದು ಮಧ್ಯಾಹ್ನದ ತನಕ ಗೊಣಗಿದರು. ಸಾರಿಗೆ ಅಂದು ಉಪ್ಪು ಬೀಳಲಿಲ್ಲ. ನಾನು ಊಟ ಬಿಟ್ಟು ಕೂತು, ಹನ್ನೊಂದು ವರ್ಷದ ಬಂಗುಡೆ, ಬೂತಾಯಿಗಳನ್ನು ಹೋಟೆಲಿನಿಂದ ಎಬ್ಬಿಸಿ ಮನೆಗೆ ಕರೆತಂದೆ. ಈ ಗಲಾಟೆಯಲ್ಲಿ ಪರದೆಯ ಕೆಳಮೂಲೆಯ ಒಟ್ಟು ಮೊತ್ತದ ಕಡೆಗೆ ನನ್ನ ಕಣ್ಣು ಹೋಗಲೇ ಇಲ್ಲ. ಅದನ್ನು ಕಂಡವರು ಸುಧಾಕರ.

“ಹ್ವಾಯ್, ಇದ್ ಎಂತ? ಇಷ್ಟೆಲ್ಲ ಇತ್ತಾ ನಮ್ಮತ್ರ?” ಎಂದರು. ನೋಡಿದೆ. ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ಮೊತ್ತಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಒಳಗಿನಿಂದ ಒಂದು ಹೆಮ್ಮೆ ಮೆಲ್ಲನೆ ಉಬ್ಬಿ ಬಂತು. “ಸಣ್ಣ್ ಸಣ್ಣದ್ ಸೇರಿ ಆದ್ದ್ ಆಯ್ಕ್,” ಎಂದೆ, ಏನೂ ಅಲ್ಲದ ಹಾಗೆ. ಮಕ್ಕಳು ಲೆಕ್ಕ ಮಾಡಿ ತಂದಾಗ ‘ಉತ್ತರ ತಾಳೆ ನೋಡಿದ್ಯಾ?’ ಎಂದು ಕೇಳದೆ ಸಹಿ ಹಾಕಿದವಳಲ್ಲ ನಾನು. ಮೊತ್ತ ಕಡಿಮೆ ಬಂದಿದ್ದರೆ ಒಂದೊಂದು ಸಾಲನ್ನೂ ಜಾಲಾಡುತ್ತಿದ್ದೆ. ಜಾಸ್ತಿ ಬಂದದ್ದರಿಂದ, ಅದು ನನ್ನ ಮಿತವ್ಯಯದ ಫಲ ಎಂದು ಒಪ್ಪಿಕೊಂಡುಬಿಟ್ಟೆ. ಸುಮ್ಮನೆ ತಿರುಗುವ ಫ್ಯಾನ್ ಆರಿಸಿದ್ದು, ಹರಿದ ಪರದೆಬಟ್ಟೆಗೆ ತೇಪೆ ಹಾಕಿದ್ದು, ಎಲ್ಲ ಕಣ್ಣ ಮುಂದೆ ಬಂತು. ನಮ್ಮಂಥವರು ಬ್ಯಾಂಕಿನಲ್ಲಿ ಇರಬೇಕಿತ್ತು ಎಂದೂ ಅನ್ನಿಸಿತು.

ಮರುದಿನದಿಂದ ಮನೆಯ ನಡೆನುಡಿಯೇ ಬೇರೆಯಾಯಿತು. ಗೇಟಿನ ಹತ್ತಿರ ಮೀನಿನ ಬುಟ್ಟಿ ಇಳಿಸಿದವಳಿಗೆ ಅತ್ತೆ, “ಬಂಗ್ಡಿ ದಿನಾ ತಿಂಬುದಲ್ದಾ. ಅಂಜಲ್ ಇತ್ತಾ ಕಾಣ್,” ಎಂದರು, ಆ ದುಬಾರಿ ಮೀನಿಗೆ ಚೌಕಾಸಿಯನ್ನೂ ಮಾಡಲಿಲ್ಲ. ಆಕೆ ಗಾಬರಿಯಾಗಿ ನನ್ನ ಮುಖ ನೋಡಿದಳು. ನಾನು ಬಸ್ಸು ಬಿಟ್ಟು ರಿಕ್ಷಾದಲ್ಲಿ ಶಾಲೆಗೆ ಹೋದೆ. ತೇಪೆಯ ಪರದೆ ಕಿತ್ತು ಹೂವಿನ ಪರದೆ ಹಾಕಿದೆ. ವಾರ ಮುಗಿಯುವುದರೊಳಗೆ ಸುಧಾಕರ ಉಡುಪಿಗೆ ಹೋಗಿ, ಒಂದು ಸಣ್ಣ ಕಾರಿಗೆ ಮುಂಗಡ ಕೊಟ್ಟು, ಸ್ವೀಟು ಹಿಡಿದುಕೊಂಡು ಬಂದರು.

“ಒಂದ್ ಮಾತ್ ಕೇಣುದಲ್ದಾ?” ಎಂದೆ.

“ನೀನೇ ಹೇಳದ್ದಲ್ದಾ, ಸಣ್ಣ್ ಸಣ್ಣದ್ ಸೇರಿ ಆದ್ದಂದೇಳಿ? ಇದೂ ಸಣ್ಣದೇ. ನಾಲ್ಕ್ ಜನ ಕೂಕಂಬದ್.”

ಅತ್ತೆ ಅಷ್ಟರಲ್ಲಿ ತವರಿಗೆ ಫೋನ್ ಮಾಡಿ ಆಗಿತ್ತು. ಸ್ಕೂಟರಿನ ಹಿಂದೆ ಕೂರಲು ಅವರಿಗೆ ಭಯ, ಬಸ್ಸಿನ ಮೆಟ್ಟಿಲು ಹತ್ತಲು ಮಂಡಿನೋವು. ಹೀಗಾಗಿ ಹಂಗಾರಕಟ್ಟೆ ಅಷ್ಟೇನೂ ದೂರವಿಲ್ಲದಿದ್ದರೂ ಅವರು ತವರಿಗೆ ಹೋಗದೆ ಬಹಳ ಕಾಲವಾಗಿತ್ತು. “ನಾನ್ ಎದ್ರ್ ಸೀಟಂಗೇ ಕೂಕಂಬುದ್,” ಎಂದು ತಮ್ಮನಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಆ ದನಿಯಲ್ಲಿ ಇದ್ದ ಖುಷಿ ಕೇಳಿ ನಾನೂ ಎರಡು ಲಾಡು ತಿಂದೆ.

ಕಾರಿನ ಉಳಿದ ಹಣಕ್ಕೆ ಠೇವಣಿ ಮುರಿಸೋಣವೆಂದು ಆ ಲೆಕ್ಕದ ಪ್ರಿಂಟ್ ತೆಗೆದುಕೊಂಡು ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿದ್ದವಳು ಪ್ರಮೀಳಾ, ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ. ಎದ್ದು ನಿಂತು ನಮಸ್ಕಾರ ಮಾಡಿ, ಪ್ರಿಂಟ್ ನೋಡಿದಳು, ತನ್ನ ಪರದೆ ನೋಡಿದಳು, ಮತ್ತೆ ಪ್ರಿಂಟ್ ನೋಡಿದಳು.

“ಟೀಚರೆ, ಇದ್ ಎಲ್ಲಿ ಪ್ರಿಂಟ್?”

“ನಮ್ಮನೆ ಕಂಪ್ಯೂಟರಿಂದ್.”

“ನಮ್ಮದ್ರಂಗೆ ಠೇವಣಿ ಒಂದೇ ಇತ್ತ್ ಕಾಣಿ.”

“ಇನ್ನೊಂದ್ ಸಲ ಕಾಣ್,” ಎಂದೆ. ಅದು ನನ್ನ ತರಗತಿಯ ದನಿ. ಆ ದನಿಗೆ ಎಷ್ಟೋ ಮಕ್ಕಳು ಸರಿಯುತ್ತರವನ್ನೇ ಅಳಿಸಿ ತಪ್ಪು ಬರೆದದ್ದುಂಟು. ಪ್ರಮೀಳಾ ಇನ್ನೊಂದು ಸಲ ನೋಡಿದಳು, ಆದರೆ ಅಳಿಸಲಿಲ್ಲ. “ಒಂದೇ ಟೀಚರೆ. ಅದನ್ನೇ ವರ್ಷ ವರ್ಷ ತೆಗ್ದ್, ಮತ್ತೆ ಇಟ್ಟದ್ದ್ ನೀವ್,” ಎಂದು, ಪಕ್ಕದವರಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದಳು. ಕುಳ್ಳಿರಿಸಿ ನೀರು ಕೊಟ್ಟಳು.

ನೀರು ಕುಡಿಯುತ್ತಿದ್ದಾಗ ಎಲ್ಲ ಹೊಳೆಯಿತು. ಉಳಿತಾಯ ಖಾತೆಯಿಂದ ತೆಗೆದು ಠೇವಣಿಗೆ ಹಾಕಿದಾಗ, ಹೊಸ ಪ್ರೋಗ್ರಾಮು ಹಾಕಿದ್ದನ್ನು ಮಾತ್ರ ಓದಿತ್ತು, ತೆಗೆದದ್ದನ್ನು ಓದಿರಲಿಲ್ಲ. ಅವಧಿ ಮುಗಿದು ಠೇವಣಿ ಖಾತೆಗೆ ವಾಪಸು ಬಂದಾಗಲೂ ಹಾಗೆಯೇ. ಒಂದೇ ಹಣ ವರ್ಷಕ್ಕೆ ಎರಡು ಸಲ ಹುಟ್ಟಿತ್ತು, ಒಂದು ಸಲವೂ ಸತ್ತಿರಲಿಲ್ಲ. ಈ ಕಿಸೆಯಿಂದ ಆ ಕಿಸೆಗೆ ಹಾಕಿಕೊಂಡೇ ನಾವು ಸಿರಿವಂತರಾಗಿದ್ದೆವು.

ಮನೆಗೆ ಬಸ್ಸಿನಲ್ಲೇ ಬಂದೆ. ಸುಧಾಕರ ಜಗಲಿಯಲ್ಲಿ ಕೂತಿದ್ದರು. ಮುಂಗಡ ಕೊಟ್ಟವರಿಗೆ ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಕೇಳಿದ್ದು ಒಂದೇ ಮಾತು. “ಹಾಂಗಾರೆ ಕಾರ್ ಬಪ್ಪುದಿಲ್ಯಾ?”

“ಇಲ್ಲೆ.”

ಗಾಳಿ ಬಿಟ್ಟ ಟ್ಯೂಬಿನ ಹಾಗೆ ಒಂದು ಉಸಿರು ಬಂತು. “ಬದುಕ್ದೆ ಮಾರಾಯ್ತಿ,” ಎಂದರು. ಡ್ರೈವಿಂಗ್ ಕಲಿಯಲೆಂದು ಅವರು ಒಂದು ವಾರದಿಂದ ಕದ್ದು ಹೋಗುತ್ತಿದ್ದರಂತೆ. ಎಂಥ ಮೋಟಾರನ್ನೂ ಬಿಚ್ಚಿ ಕೂಡಿಸುವ ಮನುಷ್ಯನಿಗೆ ಸ್ಟೇರಿಂಗ್ ಹಿಡಿದರೆ ಎಡಬಲವೇ ತಿಳಿಯುತ್ತಿರಲಿಲ್ಲವಂತೆ. ಅಂದು ಬೆಳಿಗ್ಗೆ ಹಿಂದಕ್ಕೆ ತೆಗೆಯಲು ಹೋಗಿ, ಯಾರದ್ದೋ ಅಂಗಳದ ತೆಂಗಿನ ಸಿಪ್ಪೆಯ ರಾಶಿಯೊಳಗೆ ಗಾಡಿಯನ್ನು ಅರ್ಧ ಹೂತಿದ್ದರು. “ಸಿಪ್ಪೆ ಆಯಿ ಬಚಾವಾಯ್ತ್. ಕಾರ್ ಬ್ಯಾಡ ಅಂಬುದ್ ನಿನ್ನತ್ರ ಹ್ಯಾಂಗ್ ಹೇಳುದಂದೇಳಿ ಕೂಕಂಡಿದ್ದೆ,” ಎಂದರು. ಇಬ್ಬರೂ ನಕ್ಕೆವು. ಆಮೇಲೆ ಇಬ್ಬರಿಗೂ ಒಟ್ಟಿಗೇ ಅತ್ತೆಯ ನೆನಪಾಗಿ ನಗು ನಿಂತಿತು.

ಅತ್ತೆಗೆ ಸುಧಾಕರ ಹೇಳಿದರು. ಮರುದಿನ ಮೀನಿನವಳು ತಾನಾಗಿಯೇ ಅಂಜಲ್ ಎತ್ತಿ ತೋರಿಸಿದಾಗ, “ಬ್ಯಾಡ, ಅದ್ ತಿಂದ್ರೆ ನಂಗೆ ಗ್ಯಾಸ್,” ಎಂದು ಅತ್ತೆ ಬಂಗುಡೆ ಆರಿಸಿದರು. ಆ ಗ್ಯಾಸಿನ ಮಾತು ನನಗೆ ಚುಚ್ಚಿತು. ಶೋರೂಮಿನವರು ಮುಂಗಡದಲ್ಲಿ ಚೂರು ಹಿಡಿದುಕೊಂಡು ಉಳಿದದ್ದನ್ನು ವಾಪಸು ಕೊಟ್ಟಿದ್ದರು. ಅದರಲ್ಲಿ ಒಂದು ಭಾನುವಾರ ಬಾಡಿಗೆ ಕಾರು ಗೊತ್ತುಮಾಡಿ ನಾನೂ ಅತ್ತೆಯೂ ಹಂಗಾರಕಟ್ಟೆಗೆ ಹೊರಟೆವು. ಅತ್ತೆ ಮುಂದಿನ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಗುರುತಿನವರು ಯಾರಾದರೂ ಕಾಣುತ್ತಾರೋ ಎಂದು ನೋಡುತ್ತಿದ್ದರು. ಹೊಳೆಬದಿಯಲ್ಲಿ ದೋಣಿ ಕಟ್ಟುವ ಜಾಗ ದಾಟಿ ತವರಿನ ಅಂಗಳದಲ್ಲಿ ಇಳಿದಾಗ ತಮ್ಮನ ಮನೆಯವರೆಲ್ಲ ಹೊರಗೆ ಬಂದರು. “ಕಾರ್ ಲಾಯ್ಕಿತ್ತ್ ಅಕ್ಕ. ಸುಧಾಕರ ಬಿಡುದಿಲ್ಯಾ?” ಎಂದು ತಮ್ಮ ಕೇಳಿದರು. ಅತ್ತೆ ಸೆರಗು ಸರಿಮಾಡಿಕೊಂಡು, “ಅವ್ನಿಗೆ ಅಂಗಡಿಯಂಗೆ ಪುರ್ಸೊತ್ತಿಲ್ಲೆ. ಡ್ರೈವರ್‌ನ ಇಟ್ಟಿತ್,” ಎಂದರು. ಡ್ರೈವರ್ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ನಮ್ಮನ್ನು ಮನೆಗೆ ಬಿಟ್ಟು ಹೋಗುವಾಗ ಅವನಿಗೆ ಬಾಡಿಗೆಯ ಮೇಲೆ ಸ್ವಲ್ಪ ಹೆಚ್ಚೇ ಕೊಟ್ಟೆ.

ಮುಂದಿನ ರಜೆಯಲ್ಲಿ ಕೂತು, ತೆಗೆದದ್ದು ಹಾಕಿದ್ದು ಎಲ್ಲವನ್ನೂ ಜೋಡಿಮಾಡಿ ಲೆಕ್ಕ ಸರಿಪಡಿಸಿದೆ. ಒಂದೊಂದು ಜೋಡಿ ಸೇರಿದಾಗಲೂ ಕೆಳಮೂಲೆಯ ಮೊತ್ತ ಒಂದೊಂದು ಮೆಟ್ಟಿಲು ಇಳಿಯಿತು. ಕೊನೆಗೆ ಪ್ರಮೀಳಾ ಹೇಳಿದ ಜಾಗಕ್ಕೇ ಬಂದು ನಿಂತಿತು. ಸರಿಯಾದ ಫೈಲನ್ನು ಎರಡು ಕಡೆ ಜೋಪಾನ ಮಾಡಿದ್ದೇನೆ. ತಪ್ಪು ಫೈಲನ್ನು ಅಳಿಸಬೇಕಿತ್ತು, ಮನಸ್ಸು ಬರಲಿಲ್ಲ. ಪರೀಕ್ಷೆಯ ಪೇಪರ್ ತಿದ್ದಿ ತಲೆ ಕೆಟ್ಟ ದಿನ ಬಾಗಿಲು ಓರೆಮಾಡಿ ಅದನ್ನು ತೆರೆದು ನೋಡುತ್ತೇನೆ. ಅದರಲ್ಲಿ ನಾವು ಈಗಲೂ ಶ್ರೀಮಂತರು. ಅಷ್ಟು ದೊಡ್ಡ ಹಣ ಸುಮ್ಮನೆ ಕೊಳೆಯುವುದು ಬೇಡವೆಂದು ಹೋದ ತಿಂಗಳು ಅದಕ್ಕೆ ಬಡ್ಡಿಯನ್ನೂ ಸೇರಿಸಿದೆ. ತಾಳೆ ನೋಡಿಯೇ ಸೇರಿಸಿದ್ದು.