ಗಡ್ಡಕ್ಕೆ ಎರಡು ನಿಮಿಷದ ಗಡುವು

ಪ್ರೊಫೆಸರ್: ಕೆಟ್ಟಿತಾ?

ವರ್ನಾ: ಇಲ್ಲ.

ಪ್ರೊಫೆಸರ್: ಒಂದು ಚೂರೂ ಹೊಗೆ ಬರ್ಲಿಲ್ವಾ?

ವರ್ನಾ: ಬರ್ತಿದೆ, ನಿಮ್ಮ ಪೈಪಿಂದ. ಸೇದಬಾರದು ಅಂತ ಬೋರ್ಡ್ ಹಾಕಿದೆ, ನಿಮ್ಮ ತಲೆ ಮೇಲೇ ಇದೆ.

ಒಹಾಯೋದ ನಮ್ಮ ಸಣ್ಣ ಕಾಲೇಜಿನ ನೆಲಮಾಳಿಗೆಯಲ್ಲಿ ಕಂಪ್ಯೂಟರ್ ಇದೆ. ಅದಕ್ಕೂ ಜಗತ್ತಿಗೂ ನಡುವೆ ಒಂದು ಕಿಟಕಿ ಇದೆ, ಕಿಟಕಿಯೊಳಗೆ ವರ್ನಾ ಇದ್ದಾಳೆ. ಯಾರೇ ಆಗಲಿ, ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಅವಳ ಕೈಗೆ ಕೊಟ್ಟು ಹೋಗಬೇಕು, ಆಮೇಲೆ ಬಂದು ಉತ್ತರದ ಕಾಗದ ಒಯ್ಯಬೇಕು. ಕಾರ್ಡಿಗೆ ತೂತು ಹೊಡೆಯುವವಳು ನಾನು, ಲೋರೀನ್. ಹೊರಗೆ ನಿಂತಿದ್ದವರು ತರ್ಕಶಾಸ್ತ್ರದ ಪ್ರೊಫೆಸರ್ ಎಲ್ಡನ್ ಫಿಚ್. ತಲೆಯೊಳಗೆ ಬುದ್ಧಿ, ತಲೆಯ ಕೆಳಗೆ ಗಡ್ಡ, ಎರಡೂ ಅಗತ್ಯಕ್ಕಿಂತ ಹೆಚ್ಚು.

ತರ್ಕದ ಒಗಟೊಂದನ್ನು ತಿನ್ನಿಸಿದರೆ ಎಂಥ ಯಂತ್ರವೂ ಬುದ್ಧಿ ಕೆಟ್ಟು ಕೂರುತ್ತದೆ ಎಂದು ಅವರು ನಲವತ್ತು ವಿದ್ಯಾರ್ಥಿಗಳ ಮುಂದೆ ಸಾರಿದ್ದರು. ಶುಕ್ರವಾರದೊಳಗೆ ಕೆಡದಿದ್ದರೆ ಶನಿವಾರ ಗಡ್ಡ ಬೋಳಿಸುತ್ತೇನೆ ಎಂದೂ ಬಾಯಿ ಬಿಟ್ಟಿದ್ದರು. ಅದು ಹನ್ನೊಂದು ವರ್ಷದ ಗಡ್ಡ. ಅವರನ್ನು ಮದುವೆಯಾಗಿ ಒಂಬತ್ತು ವರ್ಷವಾದ ಹೆಂಡತಿಯೂ ಅದರ ಕೆಳಗೇನಿದೆ ಎಂದು ಕಂಡವಳಲ್ಲ. ಗಲ್ಲವೇ ಇಲ್ಲ ಎಂಬುದು ಊರಿನ ಗುಮಾನಿ, ಪ್ರೊಫೆಸರರ ಭಯವೂ ಅದೇ ಇರಬೇಕು, ಯಾಕೆಂದರೆ ಶುಕ್ರವಾರ ಬೆಳಗ್ಗೆಯಿಂದ ಅವರ ಕೈ ಗಡ್ಡವನ್ನು ಬಿಟ್ಟಿರಲಿಲ್ಲ.

ಬುಧವಾರ ಅವರು ತಂದ ಕಟ್ಟಿನಲ್ಲಿದ್ದದ್ದು ‘ಈ ಮಾತು ಸುಳ್ಳು’ ಎಂಬ ಒಂದೇ ಮಾತು. ಮಾತು ಸುಳ್ಳಾದರೆ ನಿಜ, ನಿಜವಾದರೆ ಸುಳ್ಳು. ಯಂತ್ರ ಅದನ್ನು ನೋಡಿ ನಾಲ್ಕನೆಯ ಕಾರ್ಡಿನಲ್ಲಿ ಅಲ್ಪವಿರಾಮ ಬಿಟ್ಟುಹೋಗಿದೆ ಎಂದು ಬರೆದು ಕೊಟ್ಟಿತು. ನೋಡಿ, ಕಂಗಾಲಾಗಿ ಏನೋ ಬಡಬಡಿಸುತ್ತಿದೆ ಎಂದು ಪ್ರೊಫೆಸರ್ ಕುಣಿದರು. ಕೃಷಿ ವಿಭಾಗದವರಿಗೂ ಅದು ದಿನಾ ಇದನ್ನೇ ಹೇಳುತ್ತದೆ ಎಂದು ವರ್ನಾ ಸಮಾಧಾನ ಮಾಡಿದಳು. ಗುರುವಾರ ಅವರು ಮೆಟ್ಟಿಲ ಮೇಲೆ ಕಟ್ಟು ಬೀಳಿಸಿಕೊಂಡು ಸಿಕ್ಕಿದ ಹಾಗೆ ಜೋಡಿಸಿ ತಂದಿದ್ದರು. ಕಾರ್ಡುಗಳ ಕ್ರಮ ತಪ್ಪಿದ್ದರಿಂದ ಯಂತ್ರ ಮುಟ್ಟಲೇ ಇಲ್ಲ. ಶುಕ್ರವಾರ ಮತ್ತೆ ತಂದರು.

ವರ್ನಾ: ಇವತ್ತು ನಡೀತು. ಅಲ್ಪವಿರಾಮ ಎಲ್ಲ ಜಾಗದಲ್ಲೇ ಇತ್ತು.

ಪ್ರೊಫೆಸರ್: ಏನಂತು?

ವರ್ನಾ: ನಿಜ ಅಂತು. ಆಮೇಲೆ ಸುಳ್ಳು ಅಂತು. ಆಮೇಲೆ ನಿಜ ಅಂತು. ಹೀಗೇ ಹದಿನಾರು ಹಾಳೆ ದಂಡ.

ಪ್ರೊಫೆಸರ್: ಆಮೇಲೆ?

ವರ್ನಾ: ಎರಡು ನಿಮಿಷ ಆಯ್ತು. ಎತ್ತಿ ಆಚೆಗೆ ಹಾಕ್ತು.

ಪ್ರೊಫೆಸರ್: ನಿಂತ್ಹೋಯ್ತು ಅನ್ನಿ.

ವರ್ನಾ: ನಿಲ್ಲೋದ್ಯಾಕೆ? ನಿಮ್ದು ಬಿಟ್ಟು ಮುಂದಿನವರದ್ದು ತಗೊಂಡ್ತು. ಸೋಮವಾರ ಹಾಸ್ಟೆಲಿಗೆ ಎಷ್ಟು ಆಲೂಗಡ್ಡೆ ಬೇಯಿಸ್ಬೇಕು ಅಂತ ಲೆಕ್ಕ ಹಾಕ್ತಾ ಇದೆ ಈಗ.

ಪ್ರೊಫೆಸರ್: ಎರಡು ಸಾವಿರ ವರ್ಷದಿಂದ ದೊಡ್ಡ ದೊಡ್ಡೋರು ತಲೆ ಕೆಡಿಸ್ಕೊಂಡಿರೋ ಪ್ರಶ್ನೆ ರೀ ಅದು.

ವರ್ನಾ: ಅವರಿಗೆ ಯಾರೂ ಗಡುವು ಹಾಕಿರ್ಲಿಲ್ಲ, ಅದಕ್ಕೇ.

ಪ್ರತಿ ಕಟ್ಟಿನ ಮೊದಲ ಕಾರ್ಡಿನಲ್ಲೂ ಗಡುವು ಇರಬೇಕೆಂಬುದು ಅವಳ ಕಟ್ಟಪ್ಪಣೆ. ಎರಡು ನಿಮಿಷದಲ್ಲಿ ಮುಗಿಯದ ಕೆಲಸ ಯಾರದೇ ಆಗಿರಲಿ, ಹೊರಗೆ. ಕಾಲೇಜಿನ ಮುಖ್ಯಸ್ಥರದ್ದನ್ನೂ ಎರಡು ಸಲ ಹೊರಗೆ ಹಾಕಿದ್ದಾಳೆ.

ಪ್ರೊಫೆಸರ್ ಸೋಲೊಪ್ಪುವ ಜಾತಿಯಲ್ಲ. ಇನ್ನೂ ನಾಲ್ಕು ಗಂಟೆ ಸಮಯವಿದೆ, ಇನ್ನೊಂದು ಒಗಟಿದೆ, ಅದು ನಿಮ್ಮ ಮನೆಯದ್ದೇ ಎಂದರು. ವರ್ನಾಳ ಗಂಡ ಓಟೋ ಊರಿಗಿರುವ ಒಬ್ಬನೇ ಕ್ಷೌರಿಕ. ಅವನ ಅಂಗಡಿಯ ಬೋರ್ಡಿನಲ್ಲಿ ಹೀಗಿದೆ: ‘ಸ್ವಂತ ಗಡ್ಡ ತೆಗೆದುಕೊಳ್ಳದ ಗಂಡಸರಿಗೆಲ್ಲ ನಾನೇ ತೆಗೆಯುತ್ತೇನೆ. ತೆಗೆದುಕೊಳ್ಳುವವರ ತಂಟೆಗೆ ಹೋಗುವುದಿಲ್ಲ.’

ವರ್ನಾ: ನೀವು ತೆಗ್ದುಕೊಂಡೂ ಇಲ್ಲ, ಅವನ ಹತ್ರ ತೆಗೆಸ್ಕೊಂಡೂ ಇಲ್ಲ. ನಿಮ್ಮಿಂದ್ಲೇ ಆ ಬೋರ್ಡು ಹನ್ನೊಂದು ವರ್ಷದಿಂದ ಸುಳ್ಳು. ನಿಮ್ಮ ಗಡ್ಡ ಕಂಡ್ರೆ ಅವನಿಗೆ ಹೊಟ್ಟೆ ಉರಿ.

ಪ್ರೊಫೆಸರ್: ನನ್ನದು ಹಾಗಿರ್ಲಿ. ಓಟೋ ಗಡ್ಡ ಯಾರು ತೆಗೀತಾರೆ?

ವರ್ನಾ ಕಿಟಕಿಯ ಬಾಗಿಲಿಗೆ ಕೈ ಹಾಕಿದಳು. ನಾಲ್ಕು ವರ್ಷದಿಂದ ಅವಳ ಜೊತೆ ಕೆಲಸ ಮಾಡಿದ್ದೇನೆ, ಕೆಲಸದ ಹೊತ್ತಿನಲ್ಲಿ ಕಿಟಕಿ ಮುಚ್ಚಿದ್ದನ್ನು ಆವತ್ತೇ ಮೊದಲು ನೋಡಿದೆ. ಕಾಗದ ಮುಗಿದಿದೆ ಎಂದು ಹೇಳಿ ಕಿಟಕಿ ಎಳೆದುಕೊಂಡಳು. ಕಾಗದ ಮುಗಿದಿರಲಿಲ್ಲ.

ಯಂತ್ರ ಕೆಡದಿದ್ದರೇನು, ಯಂತ್ರ ನಡೆಸುವವರು ಕೆಟ್ಟರಲ್ಲ ಎಂದು ಪ್ರೊಫೆಸರ್ ನನ್ನ ಕಡೆ ನೋಡಿ ಹಲ್ಲು ಕಿರಿದರು. ಪಂತ ಯಂತ್ರದ ಮೇಲೆ ಎಂದು ನಾನು ನೆನಪಿಸಿದೆ.

ಶನಿವಾರ ಓಟೋನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವಿದ್ಯಾರ್ಥಿಗಳು ಡೋನಟ್ ತಿನ್ನುತ್ತಾ ಬಾಗಿಲವರೆಗೂ ನಿಂತಿದ್ದರು, ವರ್ನಾ ಮತ್ತು ನಾನು ಕನ್ನಡಿಯ ಪಕ್ಕ. ಓಟೋ ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆಯುವಾಗ ಅವನ ಮುಖದಲ್ಲಿ ಹಬ್ಬದ ಕಳೆ. ಕುರ್ಚಿಯಲ್ಲಿದ್ದ ಪ್ರೊಫೆಸರರ ಎಡಗೆನ್ನೆ ನುಣ್ಣಗಾಯಿತು, ಇನ್ನೇನು ಗಲ್ಲ ಕಾಣಬೇಕು, ಆಗ ಅವರು ಬಾಯಿಬಿಟ್ಟರು.

ಪ್ರೊಫೆಸರ್: ಓಟೋ, ನಿನ್ನ ಗಡ್ಡ ಯಾರಪ್ಪ ತೆಗೀತಾರೆ?

ಓಟೋ: ಇನ್ಯಾರು? ನಾನೇ.

ಪ್ರೊಫೆಸರ್: ಅಂದ್ರೆ ನೀನು ಸ್ವಂತ ತೆಗ್ದುಕೊಳ್ಳೋನು. ಅಂಥೋರ ತಂಟೆಗೆ ಹೋಗಲ್ಲ ಅಂತ ನೀನೇ ಬರ್ಸಿದ್ದೀಯಲ್ಲ?

ಓಟೋ: ಹಾಗಾದ್ರೆ ನಾನು ತೆಗೆಯಲ್ಲ.

ಪ್ರೊಫೆಸರ್: ತೆಗ್ದುಕೊಳ್ಳದೋರಿಗೆಲ್ಲ ನೀನೇ ತೆಗೀಬೇಕು. ಬೋರ್ಡು ಓದ್ಕೋ.

ಓಟೋ: ಹಾಗಾದ್ರೆ ತೆಗೀತೀನಿ.

ಪ್ರೊಫೆಸರ್: ತೆಗೆದ್ರೆ ತಂಟೆಗೆ ಹೋದ ಹಾಗಾಯ್ತಲ್ಲ.

ಓಟೋ ಬೋರ್ಡು ನೋಡಿದ, ಕತ್ತಿ ನೋಡಿದ, ವರ್ನಾಳ ಮುಖ ನೋಡಿದ. ಕಿವಿ ಕೆಂಪಾಯಿತು. ಮೆಲ್ಲಗೆ ಹಿಂದೆ ಸರಿದು ಗಿರಾಕಿಗಳು ಕಾಯುವ ಕುರ್ಚಿಯಲ್ಲಿ ಕುಸಿದು ಕೂತ. ಪ್ರೊಫೆಸರ್ ಅರ್ಧ ಗಡ್ಡ, ಅರ್ಧ ನೊರೆಯಲ್ಲಿ ಎದ್ದು ನಿಂತು, ಕೆಟ್ಟು ನಿಂತದ್ದನ್ನು ಎಲ್ಲರೂ ನೋಡಿದಿರಲ್ಲ, ಉಳಿದರ್ಧ ಉಳಿಯಿತು ಎಂದು ತೀರ್ಪು ಕೊಟ್ಟರು. ಓಟೋ ಯಂತ್ರವೋ ಅಲ್ಲವೋ ಎಂದು ವಿದ್ಯಾರ್ಥಿಗಳಲ್ಲಿ ಜಗಳ ಹತ್ತಿತು.

ವರ್ನಾ ಗೋಡೆಯ ಗಡಿಯಾರ ನೋಡುತ್ತಿದ್ದಳು.

ವರ್ನಾ: ಎರಡು ನಿಮಿಷ ಆಯ್ತು.

ಗಂಡನ ಕೈಯಿಂದ ಕತ್ತಿ ತೆಗೆದುಕೊಂಡು, ಪ್ರೊಫೆಸರರ ಭುಜ ಒತ್ತಿ ಕೂರಿಸಿ, ತಲೆ ಹಿಂದಕ್ಕೆ ಬಾಗಿಸಿದಳು. ಬಲಗೆನ್ನೆಯ ಮೇಲೆ ಕತ್ತಿ ಸರಸರನೆ ಇಳಿಯಿತು. ಎಲ್ಲೂ ತಡೆಯಲಿಲ್ಲ, ಎಲ್ಲೂ ಗೀರಲಿಲ್ಲ. ಡೋನಟ್ ತಿನ್ನುವವರು ಅಗಿಯುವುದನ್ನು ಬಿಟ್ಟರು.

ಪ್ರೊಫೆಸರ್: ವರ್ನಾ ಅವ್ರೇ, ಇದನ್ನೆಲ್ಲಿ ಕಲಿತ್ರಿ?

ವರ್ನಾ ಓಟೋನ ಕಡೆ ನೋಡಿದಳು. ಓಟೋ ನೆಲ ನೋಡಿದ.

ಓಟೋ: ಹೇಳ್ಬಿಡು, ಸಾಕಾಗಿದೆ.

ವರ್ನಾ: ಕನ್ನಡೀಲಿ ಇವನಿಗೆ ಎಡ ಯಾವ್ದು ಬಲ ಯಾವ್ದು ಗೊತ್ತಾಗಲ್ಲ. ಮದ್ವೆಯಾದ ವಾರದಲ್ಲೇ ಕಿವಿ ಕೊಯ್ಕೊಂಡ. ಆವತ್ತಿಂದ ಹತ್ತೊಂಬತ್ತು ವರ್ಷ, ದಿನಾ ಬೆಳಗ್ಗೆ ಅಡುಗೆಮನೇಲಿ ಕೂರ್ಸಿ ನಾನೇ ತೆಗೀತಿದ್ದೀನಿ. ಗೊತ್ತಾದ್ರೆ ಗಿರಾಕಿ ಬರಲ್ಲ ಅಂತ ಇವನಿಗೆ ಹೆದ್ರಿಕೆ.

ಯಾರೂ ನಗಲಿಲ್ಲ. ಹಾಲಿನ ಡೈರಿಯ ಮುದುಕ ಹ್ಯಾಸ್ಕಲ್ ಮಾತ್ರ, ಇಪ್ಪತ್ತು ವರ್ಷದಿಂದ ಅಲ್ಲೇ ಕ್ಷೌರ ಮಾಡಿಸಿಕೊಳ್ಳುವವನು, ಊರಿನಲ್ಲಿ ಓಟೋನ ಮುಖವೇ ಎಲ್ಲರದಕ್ಕಿಂತ ನುಣುಪು ಯಾಕೆಂದು ಈಗ ತಿಳಿಯಿತು ಎಂದ. ಶನಿವಾರ ಶನಿವಾರ ವರ್ನಾಗೆ ಪುರುಸೊತ್ತಿದೆಯೇ ಎಂದೂ ವಿಚಾರಿಸಿದ. ಓಟೋ ತಲೆ ಎತ್ತಿ ನಕ್ಕ.

ಅಷ್ಟರಲ್ಲಿ ಪ್ರೊಫೆಸರ್ ಕನ್ನಡಿ ನೋಡಿಕೊಳ್ಳುತ್ತಿದ್ದರು. ಗಲ್ಲ ಇತ್ತು. ಸಾಕಷ್ಟು ಒಳ್ಳೆಯ ಗಲ್ಲ, ನಡುವೆ ಒಂದು ಗುಳಿ ಬೇರೆ. ಅದನ್ನು ಎರಡು ಮೂರು ಸಲ ಸವರಿಕೊಂಡು, ನಂಬಿಕೆ ಬಂದ ಮೇಲೆ ಹಳೆಯ ಚಾಳಿಗೆ ತಿರುಗಿದರು.

ಪ್ರೊಫೆಸರ್: ಒಂದು ನಿಮಿಷ. ನನ್ನ ಅರ್ಧ ಗಡ್ಡ ಓಟೋ ತೆಗೆದ, ಅರ್ಧ ನೀವು. ಈಗ ಹೇಳಿ, ಆ ಬೋರ್ಡು ನಿಜಾನಾ, ಸುಳ್ಳಾ...

ವರ್ನಾ ಬಿಸಿ ಟವೆಲನ್ನು ಅವರ ಬಾಯಿಯ ಮೇಲೆ ಒತ್ತಿ ಹಿಡಿದು, ಬಾಗಿಲ ಕಡೆ ತಿರುಗಿದಳು.

ವರ್ನಾ: ಮುಂದಿನವರು ಬನ್ನಿ.