ಬೀರುವಿನೊಳಗಿನ ಹಾವು

ಮಸ್ಕಿ ಕಡೆಯ ಒಂದು ಹಳ್ಳಿಶಾಲೆಗೆ ಎಂಬತ್ತೇಳರಲ್ಲಿ ಸರ್ಕಾರದಿಂದ ಬೀರು ತುಂಬ ಪುಸ್ತಕ ಬಂದವು. ಬೀಗದಕೈ ಕನಕರಾಯ ಮಾಸ್ತರರ ಕೊರಳಿಗೆ ಬಿತ್ತು. ಒಂದು ಪುಸ್ತಕ ಕಳೆದರೂ ಲಿಂಗಸುಗೂರಿನ ಶಿಕ್ಷಣ ಕಚೇರಿಗೆ ಹೋಗಿ ಉತ್ತರ ಕೊಡಬೇಕು. ಅಲ್ಲಿನ ಸಾಹೇಬರ ಹೆಸರೆತ್ತಿದರೆ ಸಾಕು, ಮಾಸ್ತರರು ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದರು. ಯಾರೂ ಪುಸ್ತಕ ಕೇಳಬಾರದೆಂದು ಒಂದು ಮಾತು ತೇಲಿಬಿಟ್ಟರು: "ಬೀರುದಾಗ ಹಾವು ಸೇರಿಕೊಂಡೈತಿ."

ಎರಡು ವರ್ಷ ಆ ಕೋಣೆಯ ಕಡೆ ಯಾರೂ ಸುಳಿಯಲಿಲ್ಲ. ಕಸ ಹೊಡೆಯುವ ಪಂಪಮ್ಮ ಮಾತ್ರ ಪ್ರತಿ ಸೋಮವಾರ ಬೀರುವಿನ ಮುಂದೆ ಬಟ್ಟಲು ಹಾಲಿಟ್ಟು ಕೈಮುಗಿಯುತ್ತಿದ್ದಳು. ಸುಳ್ಳು ಬದುಕಬೇಕಲ್ಲ, ಆ ಹಾಲನ್ನು ಮಾಸ್ತರರೇ ಗುಟ್ಟಾಗಿ ಕುಡಿಯುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ ಹೆಡ್‌ಮಾಸ್ತರ್ ಅಮೀನ್‌ಸಾಬ್ ಬಂದು ಹೇಳಿದರು: "ಮಾಸ್ತರ, ಸೋಮವಾರ ಸಾಹೇಬ್ರು ಬರಾಕತ್ಯಾರ. ಹುಡುಗ್ರ ಕೈಯಾಗ ಪುಸ್ತಕ ಕಾಣಬೇಕಂತ. ಹಾವು ಹಿಡಿಯೋ ಲಾಲಪ್ಪನ್ನ ಕರಿಸೀನಿ, ಕೀಲಿ ಕೊಡ್ರಿ."

ಮಾಸ್ತರರು ಕೀಲಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು. "ಹಾವು ಹೋಗಿರಬೇಕ್ರಿ ಸರ..."

"ಎಲ್ಲಿ ಹೋಗೈತ್ರಿ!" ಪಂಪಮ್ಮ ಕಸಬರಿಗೆ ಎತ್ತಿದಳು. "ಮೊನ್ನೆ ಸೋಮಾರ ಹಾಲು ತಳ ಕಾಣೂಹಂಗ ಕುಡದೈತಿ. ಬಟ್ಟಲಕ್ಕ ಮೀಸಿ ಕೂದಲ ಅಂಟಿತ್ತು. ಎಷ್ಟು ವಯಸ್ಸಾಗಿರಬೇಕು ನೋಡ್ರಿ ಅದಕ್ಕ!"

ಮಾಸ್ತರರು ಮೆಲ್ಲಗೆ ಮೀಸೆ ಮುಚ್ಚಿಕೊಂಡರು.

ಲಾಲಪ್ಪ ಕೀಲಿ ಇಸಿದುಕೊಂಡು, ಬುಟ್ಟಿ ಹಿಡಿದು ಒಳಹೊಕ್ಕು ಬಾಗಿಲು ಹಾಕಿಕೊಂಡ. ಇಡೀ ಶಾಲೆ ಹೊರಗೆ ನೆರೆದು ನಿಂತಿತು. 'ಹಾವಿಲ್ಲ ಅಂತ ಈಗ ಹೇಳ್ತಾನ, ನನ್ನ ನೌಕರಿ ಮುಗೀತು' ಎಂದು ಮಾಸ್ತರರು ಸಂತೆಯಲ್ಲಿ ಕಾಲು ಕಟ್ಟಿಸಿಕೊಂಡ ಕೋಳಿಯಂತೆ ನಿಂತಲ್ಲೇ ಮಿಸುಕಾಡುತ್ತಿದ್ದರು. ಬಾಗಿಲು ತೆರೆಯಿತು. ಲಾಲಪ್ಪನ ಕೈಯಲ್ಲಿ ಮಾರುದ್ದದ ನಾಗರ!

ಹುಡುಗರು ಚೀರಿದರು. ಎಲ್ಲರಿಗಿಂತ ಜೋರಾಗಿ ಚೀರಿದವರು ಕನಕರಾಯ ಮಾಸ್ತರರು.

ಗದ್ದಲದಲ್ಲಿ ಮಾಸ್ತರರು ಲಾಲಪ್ಪನನ್ನು ಬೇವಿನ ಮರದ ಹಿಂದಕ್ಕೆ ಎಳೆದರು. "ಲೇ, ಅದರಾಗ ಹಾವ ಇರಲಿಲ್ಲಲೇ! ಎಲ್ಲಿಂದ ತಂದಿ?"

"ಮೆತ್ತಗ್ರೀ! ಬುಟ್ಟಿಯಾಗ ನಾನ ಎರಡು ತಂದಿದ್ದೆ. ಏನೂ ಸಿಗಲಿಲ್ಲಂದ್ರ ನನ್ನ ಹೆಸರು ಉಳೀತೈತೇನ್ರಿ?"

ಮಾಸ್ತರರಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಲಾಲಪ್ಪ ಮಾತ್ರ ಬೆವರು ಒರೆಸಿಕೊಳ್ಳುತ್ತಿದ್ದ. "ಆದ್ರ ಇದನ್ನ ತಗಿಯೂ ಹೊತ್ತಿಗೆ ಇನ್ನೊಂದು ಜಾರಿ ಬೀರುದಾಗ ಹೋತ್ರಿ. ಇದರ ವಿಷದ ಹಲ್ಲು ಕಿತ್ತೀನಿ. ಅದರದು ನಾಳೆ ಕೀಳೂನು ಅಂತ ಬಿಟ್ಟಿದ್ದೆ." ಇಷ್ಟು ಹೇಳಿದವನೇ ಮಸ್ಕಿ ಬಸ್ಸಿನ ಕಡೆ ಓಡಿದ.

"ಬರ್ರಿ ಮಾಸ್ತರ!" ಅಮೀನ್‌ಸಾಬ್ ಕೂಗಿದರು. "ಹುಡುಗ್ರು ಸಾಲು ಹಚ್ಯಾರ. ಮೊದಲನೇ ಪುಸ್ತಕ ನಿಮ್ಮ ಕೈಯಿಂದಾನ ಆಗಲಿ."

ಪೂರ್ತಿ ನಿಜ ಹೇಳಿದರೆ ಎರಡು ವರ್ಷದ ಸುಳ್ಳೂ ಹೊರಬೀಳುತ್ತದೆ. ಮಾಸ್ತರರು ಅರ್ಧ ಮಾತ್ರ ಹೇಳಿದರು: "ಸರ, ಒಳಗ... ಹಾವೈತ್ರಿ."

ಇಡೀ ಶಾಲೆ ಗೊಳ್ಳೆಂದು ನಕ್ಕಿತು.

"ಅದನ್ನ ಎರಡು ವರ್ಷ ಕೇಳೀವಿ. ಈಗ ಹಿಡದಾತಲ್ರಿ!" ಅಮೀನ್‌ಸಾಬ್ ಬೆನ್ನು ತಟ್ಟಿದರು. "ಅಂಜಬ್ಯಾಡ್ರಿ, ಕೈ ಹಾಕ್ರಿ."

ಮಾಸ್ತರರು ಕಣ್ಣುಮುಚ್ಚಿ ಕೈ ಚಾಚಿದರು. ಕೆಳಗಿನ ಖಾನೆಯಲ್ಲಿ ಒಂದು ಪುಸ್ತಕ ತಾನಾಗಿಯೇ ಮುಂದಕ್ಕೆ ಸರಿಯಿತು.