ಉಣುಗು, ಬಿಸಿನೀರು ಮತ್ತು ನಮ್ಮತ್ತೆಯ ಸೊಂಟ

ಪ್ರತಿ ಬೇಸಿಗೆಯೂ ಇದೇ ಕಥೆ, ಪ್ರತಿ ಬೇಸಿಗೆಯೂ ನನ್ನ ಬಿಪಿ ಏರುತ್ತದೆ. ಹೊಸನಗರದ ಕಡೆಯ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆ ನಾನು. ಕೊಟ್ಟಿಗೆಗೆ ಹಾಸಲು ಊರಿಗೆ ಊರೇ ಕಾಡಿಗೆ ಹೋಗಿ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರುತ್ತದೆ. ಜೊತೆಗೆ ರಕ್ತ ಹೀರುವ ಉಣುಗೂ ಬರುತ್ತದೆ. ಸಾಸಿವೆಗಿಂತ ಸಣ್ಣ ಮರಿ. ಕಚ್ಚಿದಾಗ ಗೊತ್ತೇ ಆಗುವುದಿಲ್ಲ, ಆಮೇಲೆ ವಾರಗಟ್ಟಲೆ ತುರಿಕೆ. ಬರೀ ತುರಿಕೆಯಾದರೆ ಪುಣ್ಯ. ಜ್ವರ ಬಂದರೆ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಇರಬಹುದೆಂದು ಆಸ್ಪತ್ರೆಗೆ ಓಡಬೇಕು.

ನಾನು ಹೇಳುವುದು ಮೂರೇ ಮಾತು. ಹೋಗುವ ಮುಂಚೆ ನಾವು ಕೊಟ್ಟ ಸರ್ಕಾರದ ಎಣ್ಣೆ ಹಚ್ಚಿ. ಬಂದ ಕೂಡಲೇ ಸೋಪು ಹಾಕಿ ಬಿಸಿನೀರಲ್ಲಿ ಸ್ನಾನ ಮಾಡಿ. ಉಟ್ಟ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಕೇಳುವವರು ಯಾರು?

ಎಣ್ಣೆಯ ಲೆಕ್ಕಾಚಾರ

ಒಬ್ಬ ಯಜಮಾನರು ಜಗಲಿಯಲ್ಲಿ ಕೂತು ಕಾಲು ಪರಪರ ಕೆರೆದುಕೊಳ್ಳುತ್ತಿದ್ದರು.

"ಎಣ್ಣೆ ಹಚ್ಚಿದ್ರಾ?"

"ಹಚ್ಚಿದೀನಿ ಮೇಡಂ, ದಿನಾ ಹಚ್ತೀನಿ. ಆದ್ರೂ ಉರಿ."

"ಯಾವಾಗ ಹಚ್ತೀರಿ?"

"ಕಾಡಿಂದ ಬಂದ್ಮೇಲೆ. ಎಲ್ಲೆಲ್ಲಿ ಕಚ್ಚಿದ್ಯೋ ಅಲ್ಲಲ್ಲಿಗೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಅದು ಕಚ್ಚದೇ ಇರ್ಲಿ ಅಂತ ಮೊದಲೇ ಹಚ್ಚೋ ಎಣ್ಣೆ! ಕೆರೆದ ಗಾಯಕ್ಕೆ ಹಾಕಿದ್ರೆ ಉರೀದೆ ಇನ್ನೇನಾಗುತ್ತೆ? ತುರಿಕೆಗೆ ತಣ್ಣೀರ ಬಟ್ಟೆ ಇಡಿ, ಉಗುರು ತಾಗಿಸಬೇಡಿ."

ಅವರು ನನ್ನನ್ನೇ ಬುದ್ಧಿಯಿಲ್ಲದವಳಂತೆ ನೋಡಿದರು. "ಅಲ್ಲ ಮೇಡಂ, ಮೊದಲೇ ಹಚ್ಚಿ, ಆಮೇಲೆ ಕಚ್ಚದೇ ಹೋದ್ರೆ ಎಣ್ಣೆ ದಂಡ ಅಲ್ವಾ?"

ಬೀಡಿ ವೈದ್ಯ

ಕಚ್ಚಿಕೊಂಡ ಉಣುಗನ್ನು ಸುಡಬೇಡಿ, ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ ಎಂದು ಗಂಟಲು ಹರಿಯುವಂತೆ ಹೇಳಿ ಎರಡು ದಿನವಾಗಿರಲಿಲ್ಲ. ಒಬ್ಬ ಮಹಾನುಭಾವ ತೊಡೆಗೆ ಬೀಡಿ ಒತ್ತಿಕೊಂಡು ಬೊಬ್ಬೆ ಎಬ್ಬಿಸಿಕೊಂಡಿದ್ದ.

"ಎಂತ ಮಾಡಾದು ಅಕ್ಕ, ಕಚ್ಚಿ ಹಿಡಿದಿತ್ತು. ಎರಡು ಸಲ ಸುಟ್ರೂ ಬಿಡ್ಲಿಲ್ಲ."

ಒಳಗಿಂದ ಅವನ ಹೆಂಡತಿ ಕೂಗಿದಳು: "ಎಲ್ಲಿಂದ ಬಿಡತ್ತೆ! ಅದು ಮಚ್ಚೆ. ಮದುವೆಯಾದಾಗಿಂದ ನೋಡ್ತಿದೀನಿ."

ನಮ್ಮ ಬಚ್ಚಲು

ಊರವರದ್ದು ಹೋಗಲಿ. ನನ್ನ ಹೊಟ್ಟೆ ಉರಿಯುತ್ತಿದ್ದುದು ನಮ್ಮತ್ತೆಯ ವಿಷಯಕ್ಕೆ. ಅತ್ತೆಗೆ ಎಪ್ಪತ್ತು ದಾಟಿದೆ, ಆದರೂ ದರಗಿಗೆ ಹೋಗುವುದು ಬಿಟ್ಟಿಲ್ಲ. ಸೊಂಟದ ಸುತ್ತ ಕೆಂಪು ಗುಳ್ಳೆ, ದಿನಕ್ಕೊಂದಿಷ್ಟು ಹೊಸದು. ಈ ವಯಸ್ಸಿನಲ್ಲಿ ಜ್ವರ ಹತ್ತಿದರೆ ಗತಿಯೇನು? ದಿನಾ ಬೆಳಿಗ್ಗೆ ಹೆದರುತ್ತಲೇ ಹಣೆ ಮುಟ್ಟಿ ನೋಡುತ್ತಿದ್ದೆ. ಆ ಹೆದರಿಕೆಯೆಲ್ಲ ಬಾಯಲ್ಲಿ ಸಿಟ್ಟಾಗಿಯೇ ಬರುತ್ತಿತ್ತು.

"ಎಣ್ಣೆ ಹಚ್ಕೊಂಡು ಹೋಗಲ್ಲ ನೀವು!"

"ಹಚ್ತೀನಲ್ಲೇ."

"ಬಂದು ಸ್ನಾನ ಮಾಡಲ್ಲ!"

"ಮೈ ಸುಲಿಯೋ ಹಂಗೆ ಮಾಡ್ತೀನಲ್ಲೇ ಮಾರಾಯ್ತಿ!"

ನಾನು ನಂಬಲಿಲ್ಲ. ಸುಳ್ಳು ಹೇಳ್ತೀರಿ ಎಂದು ಪಕ್ಕದ ಮನೆಯವಳ ಎದುರೇ ಬೈದೆ. ಅವರು ಕಾಡಿಗೆ ಹೋಗದಂತೆಯೇ ತಡೆದೆ. ಅತ್ತೆ ನಾಲ್ಕು ದಿನ ಅಂಗಳ ದಾಟಲಿಲ್ಲ, ನನ್ನ ಜೊತೆ ಮಾತೂ ಆಡಲಿಲ್ಲ. ಐದನೇ ದಿನ ಸೊಂಟದಲ್ಲಿ ಮತ್ತೆ ಹೊಸ ಗುಳ್ಳೆ.

ಇದೇನು ಮಾಯ ಎಂದು ಸಾಯಂಕಾಲ ಅತ್ತೆ ಸ್ನಾನಕ್ಕೆ ಹೊರಟಾಗ ನಾನೂ ಬಚ್ಚಲಿಗೆ ಹೋದೆ. ಹಂಡೆಯ ಒಲೆ ಧಗಧಗ ಉರಿಯುತ್ತಿತ್ತು. ಒಲೆಯ ಪಕ್ಕದಲ್ಲಿ, ಉರಿ ಹಾಕಲು ಸುಲಭವಾಗಲೆಂದು, ನನ್ನ ಸೊಂಟದೆತ್ತರ ದರಗಿನ ರಾಶಿ. ಆ ರಾಶಿಯ ಮೇಲೆ, ಬೆಚ್ಚಗಿರಲೆಂದು, ಅತ್ತೆಯ ಒಗೆದ ಸೀರೆ, ಒಗೆದ ಟವೆಲು. ಟವೆಲಿನ ಅಂಚಿನಲ್ಲಿ ಉಣುಗಿನ ಮರಿಗಳು ಸಾಲುಗಟ್ಟಿದ್ದವು.

"ಈ ದರಗು ಇಲ್ಲಿ ಯಾರು ತಂದು ಹಾಕಿದ್ದು?" ಎಂದು ಗುಡುಗಿದೆ.

 ಅತ್ತೆ ನನ್ನ ಮುಖವನ್ನೇ ನೋಡಿದರು. ಆಗ ನೆನಪಾಯಿತು. ಊರಿಗೆಲ್ಲ ಬಿಸಿನೀರಿನ ಉಪದೇಶ ಮಾಡಿ, ನಮ್ಮನೆಯಲ್ಲಿ ನೀರು ಬೇಗ ಕಾಯಲಿ ಎಂದು ಮೂಟೆ ಮೂಟೆ ಹೊತ್ತು ತಂದು ಅಲ್ಲಿ ಸುರಿದವಳು ನಾನೇ.

 ಅತ್ತೆ ನಿಧಾನವಾಗಿ ಒಳಗೆ ಹೋಗಿ, ಸರ್ಕಾರದ ಎಣ್ಣೆ ಬಾಟಲಿ ತಂದು ನನ್ನ ಮುಂದೆ ಹಿಡಿದರು.

"ಮೇಡಂ, ಇನ್ಮೇಲೆ ಇದನ್ನ ಸ್ನಾನಕ್ಕೆ ಹೋಗೋ ಮುಂಚೆ ಹಚ್ಚಬೇಕಾ?"